ಜೀಪು ಹತ್ತಿಸಿದ ಸೋಮವಾರ

ಆ ಸೋಮವಾರ ಗ್ರಾಮಸಭೆ ಇತ್ತು, ಮಾದಮ್ಮ. ಮುಂದಕ್ಕೆ ಹೋಗಿರಲಿಲ್ಲ. ಸುಳ್ಳು ಹೇಳಿ, ನಿಮ್ಮನ್ನೂ ನಿಮ್ಮ ಹಾಡಿಯವರನ್ನೂ ಜೀಪಿಗೆ ಹತ್ತಿಸಿ ಕೊಡಗಿನ ಕಾಫಿ ತೋಟಕ್ಕೆ ಒಯ್ದವನು ನಾನು — ನಿಮ್ಮನ್ನು ಕೂಲಿಗೆ ಕರೆದೊಯ್ಯುವ ಇದೇ ರಾಜಣ್ಣ. ನಾಲ್ಕು ವರ್ಷವಾಯಿತು. ಬೇಕೆಂದೇ ಮಾಡಿದೆ.

ನಿಮಗೆ ಓದು ಬಾರದು. ಬರೆಯುವ ಧೈರ್ಯ ಬಂದದ್ದು ಅದಕ್ಕೇ ಇರಬೇಕು. ಎದುರಿಗೆ ಸಿಕ್ಕರೆ ‘ಬಾ, ಹೋಗು’ ಎನ್ನುವವನು ಕಾಗದದ ಮೇಲೆ ‘ನೀವು’ ಎನ್ನುತ್ತಿದ್ದೇನೆ — ನನ್ನ ಮರ್ಯಾದೆಯ ಹಣೆಬರಹ ಇಷ್ಟೇ.

ನಮ್ಮೂರಿಗೂ ಕಾಡಂಚಿನ ನಿಮ್ಮ ಹಾಡಿಗೂ ನಡುವಿನ ಗೋಮಾಳದಲ್ಲಿ ಸೋಲಾರ್ ಹಾಕುತ್ತಾರೆ ಎಂದಾಗ ಊರಿಗೆ ಊರೇ ಕುಣಿಯಿತು. ನಾನೂ ಕುಣಿದೆ. ಪಂಪ್‌ಸೆಟ್ಟಿಗೆ ಕರೆಂಟು ಬರುತ್ತಿದ್ದದ್ದು ರಾತ್ರಿ ಹೊತ್ತು. ಆನೆ ಓಡಾಡುವ ಜಾಗದಲ್ಲಿ ಜೀವ ಕೈಯಲ್ಲಿ ಹಿಡಿದು ಮೋಟರ್ ಹಾಕಲು ಹೋಗಬೇಕಿತ್ತು. ಬಿಸಿಲಿನ ಕರೆಂಟು ಬಂದರೆ ಹಗಲೇ ನೀರು ಹಾಯಿಸಬಹುದು. ಇದನ್ನು ನೆಪವಾಗಿ ಹೇಳುತ್ತಿಲ್ಲ. ನನಗೆ ಹೊಲವಿತ್ತು, ಆಸೆಯಿತ್ತು. ಮೇಕೆ ಮೇಯಿಸಲು ನಿಮಗೆ ಬೇರೆ ಜಾಗವಿಲ್ಲ ಎನ್ನುವುದೂ ಗೊತ್ತಿತ್ತು.

ನೀವೇನೂ ಸೋಲಾರ್ ಬೇಡ ಎಂದವರಲ್ಲ. ಸಭೆಯ ಹಿಂದಿನ ವಾರ ಜೀಪಿನಲ್ಲಿ ಕೂತು ಎಲ್ಲರಿಗೂ ಕೇಳುವಂತೆ ಹೇಳಿದ್ದಿರಿ: “ಆಕ್ಲಿ ಬುಡಿ, ಕರೆಂಟು ಬ್ಯಾಡ ಅನ್ನಾಕಾಯ್ತದಾ? ನಾ ಸಬೇಲಿ ಒಂದೇ ಮಾತು ಕೇಳೋದು. ಮೇಕೆ ಅಳ್ಳಕ್ಕೆ ಇಳಿಯಾಕೆ ಒಂದು ದಾರಿ ಬುಡ್ಲಿ.” ಗೋಮಾಳದ ಆಚೆಯ ಆ ಹಳ್ಳದ ದಡದಲ್ಲಿ ಬೇಸಿಗೆಯಲ್ಲೂ ಮೇವಿರುತ್ತದೆ. ನೀವು ಕೇಳಲಿದ್ದದ್ದು ಅಷ್ಟೇ.

ಆ ಒಂದು ಮಾತೂ ನಮ್ಮವರಿಗೆ ಬೇಡವಾಗಿತ್ತು. ಹಾಡಿಯವರು ಬಾಯಿ ತೆರೆದರೆ ಕೆಲಸವೇ ನಿಂತುಹೋಗುತ್ತದೆ ಎಂಬ ಭಯ. ಪಂಚಾಯ್ತಿ ಮೆಂಬರು ಟೀ ಅಂಗಡಿಯಲ್ಲಿ ನನ್ನ ಹೆಗಲ ಮೇಲೆ ಕೈ ಹಾಕಿ, “ಸೋಮ್ವಾರ ಜೀಪ್ ತಪ್ಪಿಸ್ಬ್ಯಾಡ ಕಣ್ಲಾ. ಅವ್ರನ್ನೆಲ್ಲ ಕರ್ಕೊಂಡೋಗ್ಬುಡು, ಸಾಕು” ಎಂದರು. ಹೆದರಿಸಲಿಲ್ಲ, ಏನೂ ಕೊಡಲಿಲ್ಲ. ನಾನು ಟೀ ಕುಡಿದು ತಲೆಯಾಡಿಸಿದೆ.

ಬೆಳಿಗ್ಗೆ ಹಾಡಿಯ ಮುಂದೆ ಹಾರನ್ ಹೊಡೆದೆ. ಹಾರನ್ ಕೇಳಿದರೆ ನಿಮ್ಮವರು ಹತ್ತಲೇಬೇಕು — ಒಂದು ದಿನ ತಪ್ಪಿದರೆ ಕೂಲಿ ಲೆಕ್ಕ ಬರೆಯುವ ತೋಟದ ರೈಟರು ಬೇರೆ ಗುಂಪನ್ನು ಹಾಕಿಕೊಳ್ಳುತ್ತಾರೆ. ಉಳಿದ ಹೆಂಗಸರೆಲ್ಲ ಸೀರೆಯ ಮೇಲೆ ಹಳೇ ಶರ್ಟು ತೊಟ್ಟು ಕಾಫಿ ಹಣ್ಣು ಕುಯ್ಯಲು ಬಂದರು. ನೀವೊಬ್ಬರೇ ಒಗೆದ ಸೀರೆ ಉಟ್ಟು, ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ನಿಂತಿದ್ದಿರಿ.

“ಇವತ್ತು ಸಬೆ ಅಂದಿದ್ರಲ್ಲ ರಾಜಣ್ಣ, ಜೀಪ್ ಯಾಕೆ ತಂದ್ರಿ?”

“ಸಬೆ ಮುಂದಕ್ಕೋಯ್ತು ಕಣ್ ಮಾದಮ್ಮ. ಜೀಪ್ ಅತ್ತು ಬಿರ್ನೆ.”

ನೀವು ಒಳಗೆ ಹೋಗಿ ಸೀರೆ ಬದಲಿಸಿ ಬಂದಿರಿ. ಹನ್ನೊಂದು ಗಂಟೆಗೆ, ಇಲ್ಲಿ ಸಭೆ ಶುರುವಾಗುವ ಹೊತ್ತಿಗೆ, ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಉದುರಿದ ಹಣ್ಣು ಆಯುತ್ತಿದ್ದಿರಿ. ನಾನು ಜೀಪಿನ ನೆರಳಲ್ಲಿ ಕೂತು ನೋಡುತ್ತಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ನನ್ನದು ಅದೂ ಅಲ್ಲ — ಕೆಡಿಸುವಾಗಲೇ ಬುದ್ಧಿ ಇತ್ತು.

ಆಮೇಲೂ ನೀವು ಕೇಳುತ್ತಲೇ ಇದ್ದಿರಿ, “ಸಬೆ ಯಾವತ್ತಂತೆ?” ಗೊತ್ತಾಗಿಲ್ಲ ಎನ್ನುತ್ತಿದ್ದೆ. ಗೋಮಾಳದ ಸುತ್ತ ಬೇಲಿಯ ಕಂಬ ನೆಟ್ಟ ಮೇಲೆ ನೀವು ಪಂಚಾಯ್ತಿಗೆ ಹೋದಿರಿ. ನಾನೂ ಅಲ್ಲೇ ಇದ್ದೆ. ‘ಯಾರ ಆಕ್ಷೇಪಣೆಯೂ ಇಲ್ಲದೆ ಸರ್ವಾನುಮತದಿಂದ’ ಎಂದು ಪಂಚಾಯ್ತಿಯವರು ಸಭೆಯ ಪುಸ್ತಕ ತೆಗೆದು ಓದಿದರು. ನೀವು ನನ್ನತ್ತ ತಿರುಗಿದಿರಿ — “ಮುಂದಕ್ಕೋಯ್ತು ಅಂತ ನೀವೇ ಅಂದ್ರಲ್ಲ, ಯೋಳಿ ಇವ್ರಿಗೆ.”

ಆಗಲಾದರೂ… ಇಲ್ಲ. “ನಾ ಯಾವಾಗ ಅಂದೆ? ನಿಂಗೆ ಅರಳು ಮರಳು” ಎಂದೆ. ಸುತ್ತಲಿದ್ದವರು ನಕ್ಕರು. ನೀವು ಜಗಳವಾಡಲಿಲ್ಲ. “ಇರ್ಬೌದು, ವಯ್ಸಾಯ್ತು” ಎಂದು ಹೊರಟುಬಿಟ್ಟಿರಿ. ಮೊದಲನೆಯ ಸುಳ್ಳಿಗಿಂತ ಇದು ಹೆಚ್ಚು ಸುಡುತ್ತದೆ. ನಿಮ್ಮ ನೆನಪಿನ ಮೇಲೆ ನಿಮಗೇ ಅನುಮಾನ ಬರುವ ಹಾಗೆ ಮಾಡಿದೆ.

ಬೇಲಿ ಸುತ್ತಿಕೊಂಡು ಹಳ್ಳಕ್ಕೆ ಹೋಗಿಬರುವಷ್ಟರಲ್ಲಿ ಮೇಕೆಗಳೂ ಸೋತವು, ನೀವೂ ಸೋತಿರಿ. ಒಂದೊಂದಾಗಿ ಹುಣಸೂರಿನ ಸಂತೆಗೆ ಹೋದವು. ಅವನ್ನು ಒಯ್ದದ್ದೂ ನನ್ನ ಜೀಪೇ. ಈಗ ಈ ವಯಸ್ಸಿನಲ್ಲಿ ವರ್ಷವಿಡೀ ಕೂಲಿಗೆ ಬರುತ್ತೀರಿ. ನನ್ನ ಹೊಲಕ್ಕೆ ಹಗಲೇ ನೀರು ಹಾಯುತ್ತಿದೆ.

ಹೋದ ವಾರ ಸೋಲಾರ್ ಕಂಪನಿಯ ಎಂಜಿನಿಯರನ್ನು ಜೀಪಿನಲ್ಲಿ ಬಿಡುವಾಗ ಸುಮ್ಮನೆ ಕೇಳಿದೆ, ನಡುವೆ ಮೇಕೆಗೆ ಒಂದು ದಾರಿ ಬಿಡಬಹುದಿತ್ತಲ್ಲವೇ ಎಂದು. ಅವರು ಫೋನು ನೋಡುತ್ತಲೇ ಹೇಳಿದರು: “ಸಭೇಲಿ ಒಬ್ರು ಕೇಳಿದ್ರೂ ಬಿಡ್ತಿದ್ವಿ ಕಣ್ರೀ. ನಮಗೇನು ಕಷ್ಟ ಇರ್ಲಿಲ್ಲ. ಯಾರೂ ಕೇಳ್ಲೇ ಇಲ್ಲ.”

ಅದನ್ನು ಕೇಳಿದ ಮೇಲೆ ಇದನ್ನು ಬರೆಯಲು ಕೂತೆ.

ನಾಳೆ ಹಾರನ್ ಹೊಡೆಯುವುದಿಲ್ಲ. ನಿಮ್ಮ ಮನೆಯವರೆಗೂ ನಡೆದು ಬಂದು, ಎಲ್ಲರೆದುರು ಇದನ್ನು ಓದುತ್ತೇನೆ. ಪಂಚಾಯ್ತಿಯಲ್ಲಿ ಹೇಳು ಎಂದರೆ ಅಲ್ಲೂ ಹೇಳುತ್ತೇನೆ. ಅದರಿಂದ ಯಾರೂ ಬೇಲಿ ಕೀಳುವುದಿಲ್ಲ. ಗೋಮಾಳವನ್ನು ಕಂಪನಿಗೆ ಕೊಟ್ಟ ಗುತ್ತಿಗೆ ಮುಗಿಯುವ ಹೊತ್ತಿಗೆ ನೀವೂ ಇರುವುದಿಲ್ಲ, ನಾನೂ ಇರುವುದಿಲ್ಲ. ನೀವು ನನ್ನ ಮುಖಕ್ಕೆ ಉಗಿಯಬೇಕು, ಮಾದಮ್ಮ. ಆದರೆ ಉಗಿಯಲಾರಿರಿ. ಉಗಿದ ಮೇಲೂ ಕೂಲಿಗೆ ಹೋಗಲು ನನ್ನ ಜೀಪನ್ನೇ ಹತ್ತಬೇಕು — ಹಾಡಿಗೆ ಬರುವುದು ಇದೊಂದೇ.