ಜಿಂಕ್ ಮಾತ್ರೆ ಹಂಚುವ ಯಜಮಾನರು

ಜಿಂಕ್ ಕಡಿಮೆಯಾದರೆ ರೋಗದೊಡನೆ ಹೋರಾಡುವ ಬಿಳಿ ರಕ್ತಕಣಗಳು ಸೊರಗುತ್ತವೆ, ನಿಜ. ಜಿಂಕ್ ಲೇಪದ ಪೈಪು ಬೆಸೆಯುವಾಗ ಏಳುವ ಹೊಗೆ ಶ್ವಾಸಕೋಶಕ್ಕೆ ಕೇಡು, ಇದೂ ನಿಜ. ನಮ್ಮೂರಲ್ಲಿ ಕಬ್ಬಿಣದ ಗೇಟು ಮಾಡುವ ಶೆಡ್ಡಿನ ಯಜಮಾನರಿಗೆ ಮೊದಲನೆಯ ನಿಜವಷ್ಟೇ ಗೊತ್ತು. ಬೆಳಿಗ್ಗೆ ಬಾಗಿಲಲ್ಲೇ ನಿಂತು ಒಬ್ಬೊಬ್ಬ ಕೆಲಸಗಾರನ ಅಂಗೈಗೂ ಒಂದು ಮಾತ್ರೆ ಹಾಕುತ್ತಾರೆ. ನುಂಗಿದ ಮೇಲೆ ಬಾಯಿ ತೆರೆಸಿ ನಾಲಿಗೆಯ ಅಡಿಯನ್ನೂ ನೋಡುತ್ತಾರೆ. ಕೆಮ್ಮಿದವನಿಗೆ ಎರಡು. ನಾಲ್ಕು ಮೆಟ್ಟಿಲಿಗೇ ಏದುಸಿರು ಬಿಡುವ ಹಿರಿಯ ವೆಲ್ಡರ್‌ಗೆ ಮೂರು. "ಅಣ್ಣ, ಗೋಡೆಗೊಂದು ಫ್ಯಾನ್ ಹಾಕ್ಸಿ, ಹೊಗೆ ಆಚೆ ಹೋಗ್ಲಿ. ಶ್ವಾಸಕೋಶ ಅರ್ಧ ಹೋಗಿದೆ ಅಂದ್ರು ಡಾಕ್ಟ್ರು" ಎಂದು ಆತ ಗೋಗರೆದರೆ, "ಅಯ್ಯೋ ಪುಣ್ಯಾತ್ಮ, ಜನ ದುಡ್ಡು ಕೊಟ್ಟು ನುಂಗೋ ಜಿಂಕು ನಿಂಗೆ ಗಾಳೀಲೇ ಸಿಗ್ತಿದೆಯಲ್ಲೋ!" ಎಂದು ನಗುತ್ತಾರೆ. ಬಹುಕಾಲದ ಶ್ವಾಸಕೋಶ ರೋಗಿಗಳಲ್ಲಿ ಜಿಂಕ್ ಕಡಿಮೆ ಇರಬಹುದು ಎಂದು ಎಲ್ಲೋ ಬರೆದದ್ದನ್ನು, ಮಾತ್ರೆ ನುಂಗಿದರೆ ಶ್ವಾಸಕೋಶ ಮತ್ತೆ ಚಿಗುರುತ್ತದೆ ಎಂದು ಓದಿಕೊಳ್ಳುವ ಕಣ್ಣು ಅವರದು. ಇವರು ಫ್ಯಾನಿನ ದುಡ್ಡು ಉಳಿಸುವ ಬರೀ ಕಳ್ಳರಾಗಿದ್ದರೆ ನನ್ನ ಸಿಟ್ಟಿಗೂ ಸುಲಭವಾಗುತ್ತಿತ್ತು. ಆದರೆ ಇದೇ ಶೆಡ್ಡಿನಲ್ಲಿ ನಲವತ್ತು ವರ್ಷ ಬೆಸುಗೆ ಹಾಕಿದ ಅವರ ಅಪ್ಪ ಮಹಡಿಯ ಕೋಣೆಯಲ್ಲಿ ಮೂಗಿಗೆ ಆಕ್ಸಿಜನ್ ನಳಿಗೆ ಸಿಕ್ಕಿಸಿಕೊಂಡು ಮಲಗಿದ್ದಾರೆ. ಮಗ ದಿನವೂ ಅದೇ ಮಾತ್ರೆಯನ್ನು ಪುಡಿಮಾಡಿ ಚಮಚದಲ್ಲಿ ಕುಡಿಸಿ, ಉಸಿರು ಸರಾಗವಾಯಿತೇ ಎಂದು ಅಪ್ಪನ ಎದೆಗೆ ಕಿವಿಯಿಟ್ಟು ಕಾಯುತ್ತಾರೆ. ಅವರ ನಂಬಿಕೆ ಪ್ರಾಮಾಣಿಕ ಎಂದ ಮಾತ್ರಕ್ಕೆ ಆ ವೆಲ್ಡರ್‌ನ ಎದೆಗಿಳಿಯುವ ಹೊಗೆ ಕಡಿಮೆಯಾಗುವುದಿಲ್ಲ. ಗೇಟು ಮಾಡಿಸಲು ಅಲ್ಲಿಗೆ ಹೋಗುವವರು ನೀವು; ಹೊಗೆ ಹೊರಹೋಗುವ ದಾರಿಯನ್ನು ಕಣ್ಣಾರೆ ನೋಡುವವರೆಗೂ ಆರ್ಡರ್ ಕೊಡಬೇಡಿ.