ಬಾವಿಯ ಹತ್ತಿರ ನಿಂತ ಕ್ಯಾಮೆರಾ

ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ ನಾನು ಹಲಸೂರಿನ ಒಂದು ಸಣ್ಣ ಆಫೀಸಿಗೆ ಕೆಲಸಕ್ಕೆ ಸೇರಿದೆ. ಕೆಳಗೆ ಪಾತ್ರೆ ಅಂಗಡಿ, ಮೇಲೆ ನಾವು. ಇನ್ನೂ ಕಟ್ಟಿರದ ಕಟ್ಟಡಗಳೊಳಗೆ ಯಾರೋ ನಡೆದಾಡಿದ ಹಾಗೆ ವಿಡಿಯೋ ಮಾಡಿಕೊಡುವುದು ನಮ್ಮ ಕೆಲಸ. ನನಗೆ ಅದನ್ನು ಕಲಿಸಿದವರು ಮರ್ಫಿ ಟೌನಿನಿಂದ ನಡೆದೇ ಬರುತ್ತಿದ್ದ ಹಿರಿಯ ಸಹೋದ್ಯೋಗಿ. ಮನೆಯಲ್ಲಿ ತಮಿಳು, ನನ್ನ ಜೊತೆ ಕನ್ನಡ. ಅವರನ್ನು ಅಕ್ಕ ಅನ್ನುತ್ತಿದ್ದೆ.

"ಕಂಪ್ಯೂಟರ್ ನಮಗೆ ವಿಡಿಯೋ ಕೊಡಲ್ಲಮ್ಮಾ, ಫೋಟೋ ಕೊಡುತ್ತೆ" ಎಂದಿದ್ದರು ಮೊದಲ ದಿನ. "ಒಂದೊಂದು ಫೋಟೋಗೂ ಒಂದು ನಂಬರ್. ನಂಬರ್ ಪ್ರಕಾರ ಜೋಡಿಸಿ, ಸೆಕೆಂಡಿಗೆ ಇಪ್ಪತ್ತೈದರ ಹಾಗೆ ಓಡಿಸಿದ್ರೆ ಕಣ್ಣು ಅದನ್ನ ನಡಿಗೆ ಅಂತ ನಂಬುತ್ತೆ. ನಡುವೆ ನಂಬರ್ ಬಿಟ್ಟುಹೋದ್ರೆ ಎಡವುತ್ತೆ."

ನಾನೊಬ್ಬಳೇ ಜೋಡಿಸಿದ ಮೊದಲ ವಿಡಿಯೋ ಕೆ.ಆರ್. ಪುರದ ಕಡೆಯವರೊಬ್ಬರದು. ತಮ್ಮ ಹೊಲದಲ್ಲಿ ಅಪಾರ್ಟ್‌ಮೆಂಟ್ ಕಟ್ಟಿಸಲು ಹೊರಟಿದ್ದರು. ಗೇಟಿನ ಬಳಿಯ ಹಳೇ ಹೊಂಗೆ ಮರವೊಂದನ್ನು ಮಾತ್ರ ಉಳಿಸಿಕೊಂಡಿದ್ದರು. ಕ್ಯಾಮೆರಾ ಆ ಮರದಿಂದ ಹೊರಟು, ಲಾಬಿ ಹೊಕ್ಕು, ಲಿಫ್ಟಿನ ಮುಂದೆ ಹಾದು, ಹಿಂದಿನ ತೋಟ ಸೇರಬೇಕು.

ಚಿತ್ರಗಳೆಲ್ಲ ಬಂದ ಮೇಲೆ ಫೋಲ್ಡರ್ ತೆರೆದರೆ ಅಲ್ಲಲ್ಲಿ ಒಂದೊಂದು ಪೂರ್ತಿ ಕಪ್ಪು. ಲಿಫ್ಟಿನ ಹತ್ತಿರವಂತೂ ಒಂದು ಸಾಲೇ ಕಪ್ಪು. ಮತ್ತೆ ಮಾಡಿಸಿದೆ, ಬೇರೆ ಕಂಪ್ಯೂಟರಿಗೆ ಹಾಕಿದೆ. ಅದೇ ಜಾಗದಲ್ಲಿ ಮತ್ತೆ ಕಪ್ಪು. ಅಷ್ಟರಲ್ಲಿ ಆ ಹೊಲದ ಮಾಲೀಕರು ಬರುವ ಹೊತ್ತಾಗಿತ್ತು.

"ಕಪ್ಪನ್ನೆಲ್ಲ ತೆಗೆದು ಉಳಿದಿದ್ದನ್ನ ಹತ್ತಿರ ತಂದ್ಬಿಡು" ಎಂದರು ಅಕ್ಕ. "ಲಿಫ್ಟ್ ಹತ್ರ ಕೊನೇ ಒಳ್ಳೇ ಫೋಟೋನ ಸ್ವಲ್ಪ ಹೊತ್ತು ಹಾಗೇ ನಿಲ್ಲಿಸು. ಇವತ್ತು ತೋರಿಸೋಕೆ ಸಾಕು."

ಮಾಲೀಕರು ತಾಯಿಯನ್ನು ಶಿವಾಜಿನಗರದಲ್ಲಿ ಡಾಕ್ಟರಿಗೆ ತೋರಿಸಿ, ಹಾಗೇ ಕರೆದುಕೊಂಡು ಬಂದಿದ್ದರು. ಆಕೆ ಕುರ್ಚಿಯ ಅಂಚಿನಲ್ಲಿ ಕೂತು, ಸೆರಗು ಹೊದ್ದು, ತೆರೆ ನೋಡುತ್ತಿದ್ದರು. ಹೊಂಗೆ ಮರ ಬಂತು. ಕ್ಯಾಮೆರಾ ಒಳಗೆ ಹೊರಟಿತು, ಚಿತ್ರ ಬಿಟ್ಟುಹೋದ ಕಡೆಯೆಲ್ಲ ಸಣ್ಣಗೆ ಜಗ್ಗುತ್ತ.

"ಯಾರದು ನಡೀತಿರೋದು?" ಎಂದು ಕೇಳಿದರು ಆಕೆ.

"ಯಾರೂ ಇಲ್ಲಮ್ಮ. ಕ್ಯಾಮೆರಾ" ಎಂದರು ಮಗ.

"ನಿಮ್ಮಪ್ಪ ಕಣೋ. ಎಡಗಾಲು ಎಳ್ಕೊಂಡು ಹೋಗ್ತಾ ಅವ್ರೆ."

ಲಾಬಿ ದಾಟಿದ ಕ್ಯಾಮೆರಾ ಲಿಫ್ಟಿನ ಮುಂದೆ ನಿಂತಿತು. ಆಕೆ ತಲೆಯಾಡಿಸಿದರು. "ಬಾವಿ ಬಂತಲ್ಲ. ಕಾಲು ತೊಳ್ಕೊಂಡೇ ಒಳಗೆ ಬರ್ತಿದ್ದಿದ್ದು."

ವಿಡಿಯೋ ಮುಗಿಯಿತು. ಮಗ ನಮ್ಮ ಕಡೆ ತಿರುಗಿ, ತಗ್ಗಿದ ದನಿಯಲ್ಲಿ ಹೇಳಿದರು: "ಅಪ್ಪ ತೀರಿಕೊಂಡು ಎಷ್ಟೋ ವರ್ಷ ಆಯ್ತು. ಬಾವಿ ನಾನು ಕೂಸಾಗಿದ್ದಾಗ್ಲೇ ಮುಚ್ಚಿದ್ದು. ಎಲ್ಲಿತ್ತು ಅಂತ ನಂಗೇ ಗೊತ್ತಿಲ್ಲ. ನಕ್ಷೆಯಲ್ಲೂ ಇಲ್ಲ."

ಅಕ್ಕ ಎದ್ದು ಹೋಗಿ ಕಿಟಕಿಯ ಪರದೆ ಸರಿಸಿದರು.

ಮರುದಿನ ಅಕ್ಕನೇ ಫೈಲು ತೆರೆದು, ಲಿಫ್ಟಿನ ಮೇಲೆ ನಾನಿಟ್ಟಿದ್ದ ದೀಪವೊಂದನ್ನು ತೆಗೆದು ಬೇರೆ ಕಡೆ ಇಟ್ಟರು. ಚಿತ್ರಗಳೆಲ್ಲ ಬೆಳಕಾಗಿ ಬಂದವು. ದೀಪ ಅಲ್ಲಿದ್ದರೆ ಯಾಕೆ ಕಪ್ಪಾಗಬೇಕು ಎಂದು ಕೇಳಿದೆ. "ಬಂತಲ್ಲ, ಬಿಡು" ಎಂದರು. ಒಂದು ನಂಬರೂ ತಪ್ಪದ ಹಾಗೆ ಜೋಡಿಸಿ ಸಿ.ಡಿ. ಕಳಿಸಿದೆವು. ಕ್ಯಾಮೆರಾ ನೀರಿನ ಮೇಲೆ ತೇಲಿದಂತೆ ಹೋಗುತ್ತಿತ್ತು.

ಸ್ವಲ್ಪ ದಿನಕ್ಕೆ ಮಾಲೀಕರ ಫೋನು. "ಇದ್ರಲ್ಲಿ ಯಾರೂ ಇಲ್ಲ ಅಂತಾರೆ ಅಮ್ಮ. ಊಟ ಸರಿಯಾಗಿ ಮಾಡ್ತಿಲ್ಲ. ಮೊದಲಿಂದು ಇದ್ರೆ ಕೊಡ್ತೀರಾ ಮೇಡಂ?"

ಅದು ಇರಲಿಲ್ಲ. ಡಿಸ್ಕಿನಲ್ಲಿ ಜಾಗ ಸಾಲದೆ ಹಳೆಯದನ್ನೆಲ್ಲ ಅಳಿಸಿಬಿಡುತ್ತಿದ್ದೆವು. ನೆನಪಿದ್ದಷ್ಟು ನೆನಪಿಸಿಕೊಂಡು, ಅಲ್ಲಲ್ಲಿ ಚಿತ್ರಗಳನ್ನು ಕಿತ್ತು, ಲಿಫ್ಟಿನ ಮುಂದೆ ಒಂದನ್ನು ನಿಲ್ಲಿಸಿ, ಮೊದಲಿನಂತೆಯೇ ಮಾಡಲು ನೋಡಿದೆ. ಎಷ್ಟು ಸಲ ಓಡಿಸಿದರೂ ಅದು ಬರೀ ಜಗ್ಗಾಟವಾಗಿ ಕಾಣುತ್ತಿತ್ತು. ಕೊನೆಗೆ ಆದದ್ದಾಗಲಿ ಎಂದು ಸಿ.ಡಿ. ಹಿಡಿದು ನಾನೇ ಬಸ್ಸು ಹತ್ತಿದೆ.

ಮಾಲೀಕರ ಮನೆಯ ಹಾಲಿನಲ್ಲಿ ಸೊಸೆ, ಮೊಮ್ಮಕ್ಕಳ ನಡುವೆ ಆಕೆ ನೆಲದ ಮೇಲೆ ಕೂತಿದ್ದರು. ಟಿ.ವಿ.ಯಲ್ಲಿ ವಿಡಿಯೋ ಹಾಕಿದರು. ಆಕೆ ಕಣ್ಣು ಮಿಟುಕಿಸದೆ ಕೊನೆಯವರೆಗೂ ನೋಡಿದರು. ಆಮೇಲೆ ಟಿ.ವಿ. ಬಿಟ್ಟು ನನ್ನನ್ನೇ ನೋಡಿದರು.

"ಇದು ಅವರಲ್ಲ" ಎಂದರು. "ಇದು ನೀನು ನಡೀತಿರೋದು ಕಣವ್ವ. ಬಾವಿ ಹತ್ರ ನಿಂತ್ಕೊಂಡೆ. ಯಾಕ್ ನಿಂತೆ ಅಂತ ನಿಂಗೇ ಗೊತ್ತಿಲ್ಲ."

ದನಿಯಲ್ಲಿ ಬೇಸರವಿರಲಿಲ್ಲ. ಸೊಸೆಗೆ ಕಾಫಿ ತರಲು ಹೇಳಿ, ನನ್ನ ಊರು, ಮನೆಯವರನ್ನೆಲ್ಲ ವಿಚಾರಿಸಿದರು. ಅವತ್ತು ಚೆನ್ನಾಗಿಯೇ ಊಟ ಮಾಡಿದರಂತೆ, ಮಗ ಆಮೇಲೆ ಹೇಳಿದರು. ಮತ್ತೆ ವಿಡಿಯೋ ಕೇಳಲಿಲ್ಲವಂತೆ.

ನಾನು ಹೊರಟಾಗ ಇನ್ನೂ ಬಿಸಿಲಿತ್ತು. ಬಸ್ ಸ್ಟಾಪಿಗೆ ಹತ್ತಿರದ ದಾರಿ ಹೊಂಗೆ ಮರದ ಪಕ್ಕದಿಂದ, ಅಪಾರ್ಟ್‌ಮೆಂಟಿಗೆಂದು ಸುಣ್ಣದಲ್ಲಿ ಗುರುತು ಹಾಕಿದ್ದ ಆ ಖಾಲಿ ಜಾಗದ ಮೇಲೆಯೇ ಹೋಗುತ್ತಿತ್ತು. ಹೆಂಗಸರು ಸೌದೆ ಪುಳ್ಳೆ ಹೊತ್ತು ಆರಾಮಾಗಿ ದಾಟುತ್ತಿದ್ದರು. ನಾನು ರಸ್ತೆ ಸುತ್ತಿಕೊಂಡು ಹೋದೆ.