ದ್ಯಾವಮ್ಮನ ಜೋಡಿ ಬೀಸುವ ಕಲ್ಲು

"ದ್ಯಾವಮ್ಮ ಅತ್ರೂ ತಾಳಕ್ಕೇ ಅಳ್ತಾಳೆ ಕಣವ್ವ" ಎಂದು ಚಿನಕುರಳಿಯ ಆ ಬೀದಿಯವರು ಹೇಳುತ್ತಿದ್ದರು. ಹೇಳುವವರಲ್ಲಿ ಮುಂದಾಳು ಎದುರುಮನೆಯ ಮಂಗಳಮ್ಮ. ಅತ್ತೆ ತೀರಿಕೊಂಡ ದಿನ ದ್ಯಾವಮ್ಮ ಎದೆ ಬಡಿದುಕೊಂಡು ಅತ್ತ ಅಳು ಎಷ್ಟು ಹದವಾಗಿತ್ತೆಂದರೆ, ಸಾವಿಗೆ ಬಂದಿದ್ದ ತಮಟೆಯವನು ತನ್ನ ಪೆಟ್ಟನ್ನೇ ತಿದ್ದಿಕೊಂಡನಂತೆ. ನಿಜವೋ ಸುಳ್ಳೋ, ಮಂಗಳಮ್ಮನ ಬಾಯಲ್ಲಿ ಆ ಕತೆ ವರ್ಷವರ್ಷವೂ ಒಂದಿಷ್ಟು ಬೆಳೆಯುತ್ತಿತ್ತು.

"ಇರ್ಲಿ ಬುಡು. ನಾನು ಹೋಗೋ ದಿನ ನೀನು ತಾಳ ತಪ್ಪಿ ಅತ್ತೀಯೋ, ಎದ್ದು ಬತ್ತೀನಿ" ಎಂದು ದ್ಯಾವಮ್ಮ ಹೆದರಿಸುತ್ತಿದ್ದಳು.

ಆ ಊರಿನಲ್ಲಿ ಸೋಬಾನೆ ಎಂದರೆ ದ್ಯಾವಮ್ಮ. ಅರಿಶಿನ ಹಚ್ಚುವಾಗ ಒಂದು ಪದ, ಬಳೆ ತೊಡಿಸುವಾಗ ಒಂದು, ಹೆಣ್ಣು ಒಪ್ಪಿಸುವಾಗ ಒಂದು. ಬೀಗರನ್ನು ಹಂಗಿಸುವ ಪದಗಳಿಗಂತೂ ಲೆಕ್ಕವೇ ಇರಲಿಲ್ಲ. ಅವಳು ಮುಂದೆ ಹೇಳಬೇಕು, ಮಂಗಳಮ್ಮನ ಗುಂಪು ಹಿಂದೆ ಸೊಲ್ಲು ಎತ್ತಿಕೊಳ್ಳಬೇಕು. ಇಷ್ಟಾದರೆ ಮದುವೆ ಮದುವೆಯಾಯಿತು.

ಆಮೇಲೆ ಡಬ್ಬಗಳು ಬಂದವು. ಮೇಲಿನ ಬೀದಿಯ ಮದುವೆಯೊಂದಕ್ಕೆ ಪಾಂಡವಪುರದಿಂದ ಡಿಜೆ ಶಂಕರ್ ಬಂದು, ಆಳೆತ್ತರದ ಸ್ಪೀಕರುಗಳನ್ನು ಚಪ್ಪರದ ಬಾಯಿಗೇ ಜೋಡಿಸಿದ. ದ್ಯಾವಮ್ಮ ಮೊದಲ ಪದಕ್ಕೆ ಬಾಯಿ ತೆರೆದಿದ್ದಳಷ್ಟೆ.

"ಅಜ್ಜಿ, ಒಸಿ ಸೈಡಿಗೆ ಬಾ. ವೈರು ತುಳಿದ್ಬುಟ್ಟೀಯ" ಎಂದ ಶಂಕರ್.

ಡಬ್ಬ ಗುಡುಗಿತು. ದ್ಯಾವಮ್ಮನ ಬಾಯಿ ಆಡುವುದು ಕಂಡಿತೇ ಹೊರತು ಪದ ಪಕ್ಕದಲ್ಲಿದ್ದ ಮಂಗಳಮ್ಮನಿಗೂ ಕೇಳಲಿಲ್ಲ. ದ್ಯಾವಮ್ಮ ಸೆರಗು ಸಿಕ್ಕಿಸಿಕೊಂಡು ಊಟವನ್ನೂ ಮಾಡದೆ ಮನೆಗೆ ಬಂದಳು. "ಇನ್ಮೇಲೆ ಡಬ್ಬ ಇರೋ ಚಪ್ಪರಕ್ಕೆ ನಾನು ಕಾಲಿಕ್ಕಕ್ಕಿಲ್ಲ" ಎಂದು ಆಣೆ ಇಟ್ಟಳು.

ಆಣೆ ಇಡುವುದು ಸುಲಭ. ಆದರೆ ಆ ವರ್ಷವೇ ಮೊಮ್ಮಗಳು ಅರ್ಪಿತಳಿಗೆ ಹೊಣಕೆರೆ ಕಡೆಯ ಗಂಡು ಗೊತ್ತಾಯಿತು. ಅರ್ಪಿತ ಅಜ್ಜಿಯ ತೊಡೆಯ ಮೇಲೆ ಸೋಬಾನೆ ಕೇಳುತ್ತಲೇ ನಿದ್ದೆ ಹೋಗುತ್ತಿದ್ದ ಮಗು. ಅವಳ ಅಪ್ಪ ತಿಮ್ಮರಾಜು, ಬೀಗರ ಬಾಯಿಗೆ ಹೆದರಿ, ಅದೇ ಶಂಕರನಿಗೆ ವೀಳ್ಯ ಕೊಟ್ಟು ಬಂದಿದ್ದ.

"ನನ್ ಚಪ್ಪರಕ್ಕೂ ಬರಕ್ಕಿಲ್ವಾ ಅಜ್ಜಿ?"

"ಒಳಗೇ ಕುಂತ್ಕಂಡು ಆಸೀರ್ವಾದ ಮಾಡ್ತೀನಿ ಕಣವ್ವ. ಆ ಡಬ್ಬದ ಮುಂದೆ ಬಾಯಿ ಬುಡೋಳಲ್ಲ ನಾನು."

"ನೀನು ಪದ ಯೋಳ್ದೆ ನಾನು ಅರಿಸಿನಕ್ಕೆ ಕೂರಕ್ಕಿಲ್ಲ."

ಹಟಕ್ಕೆ ಹಟ. ರಕ್ತ ಒಂದೇ ತಾನೆ?

ಅರ್ಪಿತ ಪಾಂಡವಪುರದ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಸಂಜೆ ಬಸ್ಸಿಳಿದು ಬಂದವಳೇ ಕೊಟ್ಟಿಗೆ ಪಕ್ಕದ ಕೋಣೆ ಸೇರಿ ಲ್ಯಾಪ್‌ಟಾಪಿಗೆ ಒಂದು ಸಾಮಾನು ಸಿಗಿಸಿಕೊಂಡು ಕೂರುವಳು. ಮೊರದಗಲದ ಡಿಜೆ ಕಂಟ್ರೋಲರು, ಹೊಸದಾಗಿ ಕಲಿಯುವವರಿಗೆಂದೇ ಮಾಡಿದ್ದು. ಎರಡು ದುಂಡನೆಯ ಚಕ್ರ, ನಡುವೆ ಅತ್ತಿತ್ತ ಜಾರುವ ಒಂದು ಗುಂಡಿ. ಹಾಲು ಕರೆದು ಬರುತ್ತಿದ್ದ ದ್ಯಾವಮ್ಮ ಒಂದು ದಿನ ಬಾಗಿಲಲ್ಲೇ ನಿಂತಳು.

"ಏನವ್ವಾ ಇದು, ಎರಡು ಬೀಸೋ ಕಲ್ಲು ಇಕ್ಕಂಡು ಕುಂತಿದ್ದೀಯ? ಇಟ್ಟು ಎಲ್ಲಿ ಬೀಳ್ತದೆ?"

"ಇಟ್ಟಲ್ಲ ಅಜ್ಜಿ, ಪದ ಬೀಳ್ತದೆ. ಈ ಚಕ್ರದಲ್ಲಿ ಒಂದು ಪದ, ಆ ಚಕ್ರದಲ್ಲಿ ಇನ್ನೊಂದು. ಗುಂಡೀನ ಈ ಕಡೆ ನೂಕುದ್ರೆ ಇದೊಂದೇ ಕೇಳ್ತದೆ, ಆ ಕಡೆ ನೂಕುದ್ರೆ ಅದೊಂದೇ. ನಡುವೆ ನಿಲ್ಸುದ್ರೆ ಎರಡೂ."

ದ್ಯಾವಮ್ಮನ ಕಣ್ಣು ಗುಂಡಿಯ ಮೇಲೆ ನೆಟ್ಟಿತು. "ಅಂಗಾರೆ ಇದ್ನ ಈ ಕಡೆ ನೂಕುದ್ರೆ ಡಬ್ಬ ಬಾಯಿ ಮುಚ್ಕತದಾ?"

"ಮುಚ್ಕತದೆ."

"ಅತ್ಲಾಗೆ ಸರಿ. ಕಲಿಸು."

ಹಾಲಿನ ಚೆಂಬು ಕೆಳಗಿಟ್ಟು ಕೂತೇಬಿಟ್ಟಳು. ರಾಗಿ ಬೀಸಿ ಬೀಸಿ ಪಳಗಿದ ಕೈ. ಚಕ್ರ ಸಿಕ್ಕಿದ್ದೇ ಗರಗರ ತಿರುಗಿಸಿದಳು. ಹಾಡು ಕಾಲ್ತುಳಿತಕ್ಕೆ ಸಿಕ್ಕ ಹಂದಿಮರಿಯಂತೆ ಕಿರುಚಿಕೊಂಡಿತು.

"ಒಸಿ ಮುಟ್ಟಿ ಬುಟ್ಬುಡು ಅಜ್ಜಿ. ಬೀಸ್ಬಾರ್ದು."

"ಬೀಸ್ಬಾರ್ದು ಅಂದ್ರೆ ಕಲ್ಲು ಯಾಕೆ ಮಡಗವ್ರೆ?"

ಅರ್ಪಿತ ಅಜ್ಜಿಯ ಪದದ ಎರಡು ನುಡಿಗಳನ್ನು ಮೊಬೈಲಿನಲ್ಲಿ ಹಿಡಿದು ಎಡದ ಚಕ್ರಕ್ಕೆ ಹಾಕಿದಳು. ಬಲದ ಚಕ್ರಕ್ಕೆ ತಮಟೆ. ಎರಡನ್ನೂ ಒಂದೇ ಹೆಜ್ಜೆಗೆ ತರಬೇಕು. ದ್ಯಾವಮ್ಮ ನಡುವಿನ ಗುಂಡಿಗೆ ನೊಗ ಎಂದು ಹೆಸರಿಟ್ಟಳು. ಆದರೆ ಮೊದಮೊದಲು ಆ ನೊಗದ ಎತ್ತುಗಳಲ್ಲಿ ಒಂದು ಮೈಸೂರಿಗೆ ಹೊರಟರೆ ಇನ್ನೊಂದು ನಾಗಮಂಗಲಕ್ಕೆ ಹೊರಡುತ್ತಿತ್ತು. ಹಸು ಎರಡು ಸಲ ಹಾಲಿನ ಬಕೀಟು ಒದೆಯಿತು. "ದ್ಯಾವಮ್ಮನ ಮನೇಲಿ ದೆವ್ವಕ್ಕೆ ಬಿಕ್ಕಳಿಕೆ ಬಂದದೆ" ಎಂದು ಮಂಗಳಮ್ಮ ಬೀದಿಗೆಲ್ಲ ಸಾರಿದಳು. ಗೌರಿಹಬ್ಬ ಕಳೆಯುವ ಹೊತ್ತಿಗೆ ಎತ್ತುಗಳು ಹೇಗೋ ಜೊತೆಯಾಗಿ ನಡೆಯತೊಡಗಿದವು.

ಆಯುಧಪೂಜೆ ಬಂತು. ತಿಮ್ಮರಾಜು ಟ್ರಾಕ್ಟರಿಗೆ ಬೂದುಗುಂಬಳ ಒಡೆದ. ದ್ಯಾವಮ್ಮ ಒಳಗೆ ಹೋಗಿ ಕಂಟ್ರೋಲರಿಗೆ ವಿಭೂತಿ ಬಳಿದು ಕುಂಕುಮ ಇಟ್ಟು, ಅಡಿಗೊಂದು ನಿಂಬೆಹಣ್ಣನ್ನೂ ಇಟ್ಟಳು. ಅರ್ಪಿತ ಅರ್ಧ ದಿನ ಬ್ರಷ್ಷು ಹಿಡಿದು ಒರೆಸಿದಳು.

"ಇದು ಟ್ರಾಕ್ಟರ್ ಅಲ್ಲ ಅಜ್ಜಿ. ಸಂದೀಲಿ ಏನಾರ ಹೋದ್ರೆ ಕೆಟ್ಟೋಯ್ತದೆ. ಇನ್ನೊಂದ್ಸಲ ಮಾಡ್ಬೇಡ."

"ಆಯ್ತು ಕಣವ್ವ."

ಕಾರ್ತಿಕದಲ್ಲಿ ಮನೆಯ ಮುಂದೆಯೇ ಚಪ್ಪರ ಎದ್ದಿತು. ಪೂಜೆಯಿಲ್ಲದೆ ಒಂದು ಸಾಮಾನು ಹೊಸ್ತಿಲು ದಾಟುವುದುಂಟೆ? ಅರ್ಪಿತ ಎಣ್ಣೆಸ್ನಾನಕ್ಕೆ ಹೋದಾಗ ದ್ಯಾವಮ್ಮ ಅರಿಶಿನವನ್ನು ಗಟ್ಟಿಯಾಗಿ ಕಲಸಿ, ನೊಗಕ್ಕೆ ದಪ್ಪನಾಗಿ ಮೆತ್ತಿ, ಕಂಟ್ರೋಲರನ್ನೂ ಲ್ಯಾಪ್‌ಟಾಪನ್ನೂ ಯಾರೂ ನೋಡದಂತೆ ಸೆರಗಿನಲ್ಲಿ ಮುಚ್ಚಿಕೊಂಡು ಚಪ್ಪರಕ್ಕೆ ತಂದಳು.

"ಇದೇನಜ್ಜಿ, ಆಟದ ಸಾಮಾನು?" ಎಂದ ಶಂಕರ್.

"ನಿನ್ ಡಬ್ಬಕ್ಕೆ ಮೂಗುದಾರ ಕಣ್ಲಾ. ಸಿಗ್ಸು."

ಶಂಕರ್ ನಗುತ್ತಲೇ ವೈರು ಸಿಗಿಸಿದ. ದ್ಯಾವಮ್ಮ ತಮಟೆ ಬಿಟ್ಟಳು. ಹುಡುಗರು ಕುಣಿಯಲು ಎದ್ದರು. ಹದ ನೋಡಿ ತನ್ನ ಪದವನ್ನೂ ಬಿಟ್ಟಳು. ಈಗ ಡಬ್ಬದ ಬಾಯಿ ಮುಚ್ಚಿಸುವ ಗಳಿಗೆ. ಹೆಬ್ಬೆರಳಿಂದ ನೊಗ ನೂಕಿದಳು. ಅಲುಗಲಿಲ್ಲ. ಎರಡೂ ಕೈ ಹಾಕಿ ನೂಕಿದಳು. ಅರಿಶಿನ ಒಣಗಿ ಗಾರೆಯಾಗಿತ್ತು. ನೊಗ ನಟ್ಟನಡುವೆ ಕಚ್ಚಿಕೊಂಡು ನಿಂತಿತ್ತು.

ಮಣೆಯ ಮೇಲೆ ಮುಖಕ್ಕೆಲ್ಲ ಅರಿಶಿನ ಮೆತ್ತಿಸಿಕೊಂಡು ಕೂತಿದ್ದ ಅರ್ಪಿತ ಕೂಗಿದಳು. "ಅಜ್ಜೀ, ಪೂಜೆ ಮಾಡ್ಬುಟ್ಟಾ?"

"ಒಸಿ ಅರಿಸಿನ ಕಣವ್ವ... ನಿನಗಿಂತ ಕಮ್ಮಿನೇ."

ದ್ಯಾವಮ್ಮ ಎದೆಗುಂದಿದಳು. ಆದರೆ ತಮಟೆ ಪದವನ್ನು ನುಂಗಲಿಲ್ಲ, ಪದ ತಮಟೆಯನ್ನು ಅದುಮಲಿಲ್ಲ. ಎರಡೂ ಸರಿಸಮ ನಡೆದವು. ಮಂಗಳಮ್ಮನ ಗುಂಪು ತಡೆಯಲಾರದೆ ಸೊಲ್ಲು ಎತ್ತಿಕೊಂಡಿತು. ಹುಡುಗರು ಸೋಬಾನೆಗೇ ಕುಣಿಯತೊಡಗಿದರು.

ಇದ್ದದ್ದು ಎರಡೇ ನುಡಿ, ಮುಗಿದುಹೋಯಿತು. ತಮಟೆ ಒಂದೇ ಉಳಿಯಿತು. ಅರ್ಪಿತ ಅರಿಶಿನ ಹಚ್ಚುತ್ತಿದ್ದವರ ಕೈ ತಡೆದು ಅಜ್ಜಿಯನ್ನೇ ನೋಡಿದಳು. ಡಬ್ಬದ ಮುಂದೆ ಬಾಯಿ ಬಿಡುವುದಿಲ್ಲವೆಂದ ದ್ಯಾವಮ್ಮ ತುಟಿ ಕಚ್ಚಿ ನಿಂತಿದ್ದಳು. ಶಂಕರ್ ತನ್ನ ವೈರುಗಳನ್ನು ತಾನೇ ತುಳಿದುಕೊಂಡು ಮೈಕು ಹಿಡಿದು ಓಡಿಬಂದ.

"ಅಜ್ಜಿ, ನಡುಕ್ಕೆ ಬಾ. ತಮಟೆ ಕಾಯ್ತಾ ಅದೆ."

ದ್ಯಾವಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮೈಕು ಕಿತ್ತುಕೊಂಡಳು.

"ಡಬ್ಬ ಬಲು ದೊಡ್ದು, ಡಬ್ಬದೊಡೆಯ ಪೀಚಲು,
ತಬ್ಬಿ ಮುದ್ದೆಯ ಉಣಿಸೀರೆ, ಸೋಬಾನೆ!"

ಚಪ್ಪರ ಹಾರಿಹೋಗುವಂತೆ ಜನ ನಕ್ಕರು. ಅರ್ಪಿತ ಮತ್ತೆ ಅರಿಶಿನಕ್ಕೆ ಕೆನ್ನೆ ಕೊಟ್ಟಳು. ಕಣ್ಣೀರಿಗೆ ಅರಿಶಿನ ಕರಗಿ ಇಳಿಯಿತು.

ಗಂಡನ ಮನೆಗೆ ಹೊರಟಾಗ ಅವಳು ಕಂಟ್ರೋಲರನ್ನೂ ಲ್ಯಾಪ್‌ಟಾಪನ್ನೂ ಅಜ್ಜಿಗೇ ಬಿಟ್ಟುಹೋದಳು. ಆಮೇಲೆ ಮದುವೆಗಳಿಗೆ ಶಂಕರನೇ ಗೂಡ್ಸ್ ಆಟೋ ತಂದು ಅಜ್ಜಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ. ಕೆ.ಆರ್. ಪೇಟೆಯ ತನಕವೂ ಹೋಗಿಬಂದರು. "ಆ ಗುಂಡಿ ರಿಪೇರಿ ಮಾಡ್ಕೊಡ್ಲಾ ಅಜ್ಜಿ?" ಎಂದರೆ, "ಮುಟ್ಟಿಯಾ, ಕೈ ಮುರಿತೀನಿ" ಎನ್ನುತ್ತಿದ್ದಳು.

ಕೆಲವು ವರ್ಷ ಹೀಗೇ ನಡೆಯಿತು. ಒಂದು ಬೆಳಿಗ್ಗೆ ಹಾಲು ಕರೆದಿಟ್ಟು ಒರಗಿದವಳು ಏಳಲಿಲ್ಲ. ಹೊಣಕೆರೆಯಿಂದ ಅರ್ಪಿತ ಬಂದಳು. ಸುದ್ದಿ ತಿಳಿಯದೆ ಅಜ್ಜಿಯನ್ನು ಕರೆದೊಯ್ಯಲು ಡಬ್ಬ ಹೇರಿಕೊಂಡು ಬಂದ ಶಂಕರ್, ಚಟ್ಟ ಕಂಡವನೇ ಆ ಇಕ್ಕಟ್ಟಿನ ಬೀದಿಯುದ್ದಕ್ಕೂ ಆಟೋವನ್ನು ಹಿಂದಕ್ಕೆ ತೆಗೆದು ಸೈಡಿಗೆ ನಿಲ್ಲಿಸಿದ.

ತಮಟೆ ಶುರುವಾಯಿತು. ಮಂಗಳಮ್ಮ ದುಃಖ ತಡೆಯಲಾರದೆ ಅಡ್ಡಾದಿಡ್ಡಿ ಅಳತೊಡಗಿದಳು.

"ಮಂಗಳಜ್ಜಿ, ತಾಳ" ಎಂದು ಅರ್ಪಿತ ಅಳುತ್ತಲೇ ಪಿಸುಗುಟ್ಟಿದಳು.

ಮಂಗಳಮ್ಮ ಗಕ್ಕನೆ ನಿಲ್ಲಿಸಿದಳು. ಚಟ್ಟದ ಕಡೆ ಒಮ್ಮೆ ಹೆದರಿ ನೋಡಿ, ಮೂಗೊರೆಸಿಕೊಂಡು, ತಮಟೆಯ ಪೆಟ್ಟಿಗೆ ಕಿವಿಗೊಟ್ಟಳು. ಆಮೇಲೆ ತಾಳಕ್ಕೆ ಸರಿಯಾಗಿ ಅತ್ತಳು. ದ್ಯಾವಮ್ಮ ಏಳಲಿಲ್ಲ. ನಾಲ್ವರ ಹೆಗಲ ಮೇಲೆ ಹೊಸ್ತಿಲು ದಾಟಿದಳು.